ಮಗನ ಕಂಪೆನಿಗೆ ಹದಿನೈದು ಲಕ್ಷ: ಸಾಲವೋ, ಪಾಲೋ?

ಖಾನಾಪುರ ಪೇಟೆಯಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮವರೊಬ್ಬರಿದ್ದಾರೆ. ಊರು ಬಂಟ್ವಾಳ ಕಡೆ. ಇಪ್ಪತ್ತು ವರ್ಷಕ್ಕೂ ಹಿಂದೆ ಬೆಳಗಾವಿಗೆ ಕೆಲಸಕ್ಕೆ ಬಂದು, ಆಮೇಲೆ ಖಾನಾಪುರದಲ್ಲಿ ಸ್ವಂತ ಅಂಗಡಿ ಹಾಕಿದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಆದ್ದರಿಂದ ಕಾಕ ಎಂದೇ ಕರೆಯೋಣ. ನಮ್ಮಲ್ಲಿ ಕಾಕ ಎಂದರೆ ಅಣ್ಣ, ಬೆಳಗಾವಿಯಲ್ಲಿ ಚಿಕ್ಕಪ್ಪ. ಎರಡೂ ಕಡೆಯವರಿಗೆ ಅವರು ಕಾಕನೇ.

ಕಾಕನ ಮಗ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ಎರಡು ವರ್ಷ ದುಡಿದ. ಗಲ್ಫಿಗೆ ಹೋಗುತ್ತಾನೆ ಎಂದು ಮನೆಯವರೆಲ್ಲ ಕಾಯುತ್ತಿದ್ದಾಗ ಕೆಲಸ ಬಿಟ್ಟು ಬಂದು, ಕಂಪೆನಿ ಮಾಡುತ್ತೇನೆ ಎಂದ. ಖಾನಾಪುರದ ಸುತ್ತ, ಗಡಿ ದಾಟಿದರೆ ಮಹಾರಾಷ್ಟ್ರದ ಚಂದಗಡದಲ್ಲಿ, ಗೇರುಬೀಜ ಬೆಳೆಯುತ್ತದೆ. ಸಣ್ಣ ಸಣ್ಣ ಸಂಸ್ಕರಣಾ ಘಟಕಗಳಿವೆ. ಬೀಜವನ್ನು ಬೇಯಿಸಿ, ಕಟ್ಟರಿನಲ್ಲಿ ಇಟ್ಟು ಒಡೆಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುತ್ತದೆ. ದೊಡ್ಡ ಯಂತ್ರ ಕೊಳ್ಳುವ ತಾಕತ್ತು ಈ ಘಟಕಗಳಿಗಿಲ್ಲ, ಸಣ್ಣ ಯಂತ್ರದಲ್ಲಿ ತಿರುಳು ತುಂಡಾಗುತ್ತದೆ. ತುಂಡಾದ ಗೇರಿಗೆ ಇಡೀ ಗೇರಿನ ಬೆಲೆ ಇಲ್ಲ ಎಂಬುದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೀಜದ ಗಾತ್ರಕ್ಕೆ ತಕ್ಕಂತೆ ಹೊಂದಿಸಬಹುದಾದ ಸಣ್ಣ ಕಟ್ಟರ್ ಒಂದನ್ನು ಹುಡುಗ ಮಾಡಿದ್ದಾನೆ. ಒಂದು ಮಾದರಿ ಓಡುತ್ತಿದೆ. ಹತ್ತು ಮಾಡಬೇಕು. ಅದಕ್ಕೆ ಬೇಕಾದದ್ದು 15 ಲಕ್ಷ.

ಹುಡುಗ ಹೂಡಿದ ಉಪಾಯ ಹೀಗಿತ್ತು: ಊರಿನ ಸಂಬಂಧಿಕರು, ಬೆಳಗಾವಿಯ ಪರಿಚಯದವರು, ಗಲ್ಫಿನಲ್ಲಿರುವ ಗೆಳೆಯರು, ಹೀಗೆ ಹದಿನೈದು ಮಂದಿಯ ವಾಟ್ಸ್‌ಆ್ಯಪ್ ಗುಂಪು. ತಲಾ ಒಂದು ಲಕ್ಷ. ಪ್ರತಿ ತಿಂಗಳು ಎರಡು ಸಾವಿರ ‘ಲಾಭ’. "ಬಡ್ಡಿ ಅಲ್ಲ ಉಪ್ಪಾ, ಲಾಭ" ಎಂದನಂತೆ.

ಕಾಕ ಕೇಳಿದ್ದು ಒಂದೇ ಪ್ರಶ್ನೆ: "ಯಂತ್ರ ಮಾರಾಟ ಆಗದ ತಿಂಗಳು ಆ ಎರಡು ಸಾವಿರ ಎಲ್ಲಿಂದ ಬರ್ತದೆ ಮೋನೇ?"

ನವೋದ್ಯಮಗಳಿಗೆ ಹಣ ಹೇಗೆ ಬರುತ್ತದೆ ಎಂಬ ಬಗ್ಗೆ ಈಗ ಎಲ್ಲೆಲ್ಲೂ ಭಾಷಣ ನಡೆಯುತ್ತದೆ. ನನಗೆ ಕಂಡ ಹಾಗೆ ಕಾಕನ ಪ್ರಶ್ನೆಯಲ್ಲಿ ಅದೆಲ್ಲ ಅಡಗಿದೆ. ಹಣ ಎಲ್ಲಿಂದ ಬರುತ್ತದೆ ಎನ್ನುವುದು ಎರಡನೆಯದು. ನಷ್ಟ ಆದರೆ ಅದನ್ನು ಯಾರು ಹೊರುತ್ತಾರೆ ಎನ್ನುವುದು ಮೊದಲನೆಯದು.

ನಮ್ಮ ಸಮುದಾಯಕ್ಕೆ ಈ ಪ್ರಶ್ನೆ ಕೇಳದೆ ಬಿದ್ದ ಪೆಟ್ಟು ಹಳೆಯದಲ್ಲ. ಬೆಂಗಳೂರಿನ ಐಎಂಎ ಕಂಪೆನಿಯ ಕತೆ ಎಲ್ಲರಿಗೂ ಗೊತ್ತು. 2019ರ ಜೂನ್‌ನಲ್ಲಿ ಸ್ಥಾಪಕ ಮುಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹೋದರು, ಜುಲೈಯಲ್ಲಿ ದಿಲ್ಲಿಗೆ ಬಂದಿಳಿದಾಗ ಬಂಧನವಾಯಿತು, ತನಿಖೆ ಎಸ್‌ಐಟಿಯಿಂದ ಸಿಬಿಐಗೆ ಹೋಯಿತು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು. ಮದುವೆಗೆ ಇಟ್ಟ ದುಡ್ಡು, ನಿವೃತ್ತಿಯ ದುಡ್ಡು, ಬಂಗಾರ ಮಾರಿದ ದುಡ್ಡು ಅದರಲ್ಲಿತ್ತು. ಆ ಪ್ರಕರಣದಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ: ಹಣ ಹಾಕಿದವರನ್ನು ಕಾಗದದ ಮೇಲೆ ‘ಠೇವಣಿದಾರರು’ ಎಂದು ತೋರಿಸಿರಲಿಲ್ಲ, ‘ಪಾಲುದಾರರು’ ಎಂದು ಸೇರಿಸಿಕೊಳ್ಳಲಾಗಿತ್ತು. ಪಾಲುದಾರ ಎಂಬುದು ಎಷ್ಟು ಒಳ್ಳೆಯ ಹೆಸರು! ಆದರೆ ಲೆಕ್ಕಪುಸ್ತಕ ನೋಡುವ ಹಕ್ಕಿಲ್ಲದ, ವ್ಯಾಪಾರ ಏನೆಂದೇ ಗೊತ್ತಿಲ್ಲದ, ತಿಂಗಳು ತಿಂಗಳು ಹಣ ಮಾತ್ರ ಬರುವ ಪಾಲುದಾರಿಕೆ ಎಲ್ಲಾದರೂ ಉಂಟೇ?

ಕಾಕನ ಮಗ ಮೋಸಗಾರನಲ್ಲ. ಆದರೂ ಅವನು ಹೊರಟಿದ್ದ ದಾರಿ ಅದೇ ದಿಕ್ಕಿನದ್ದು. ಮೊದಲ ಆರು ತಿಂಗಳು ಒಂದೂ ಯಂತ್ರ ಮಾರಾಟವಾಗದಿದ್ದರೆ, ಹದಿನೈದು ಮಂದಿಗೆ ತಲಾ ಎರಡು ಸಾವಿರದಂತೆ ತಿಂಗಳಿಗೆ 30 ಸಾವಿರ, ಒಟ್ಟು 1 ಲಕ್ಷ 80 ಸಾವಿರ ಅವರದೇ ಹಣದಿಂದ ಅವರಿಗೇ ಹೋಗುತ್ತಿತ್ತು. ಕಾನೂನಿನ ತೊಡಕು ಬೇರೆ. ನಿಯಂತ್ರಣವಿಲ್ಲದ ಠೇವಣಿ ಸಂಗ್ರಹವನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2019ರಲ್ಲೇ ಬಂದಿದೆ. ಹತ್ತಿರದ ಸಂಬಂಧಿಕರಿಂದ ಸಾಲ ಪಡೆಯಲು ಅದರಲ್ಲಿ ವಿನಾಯಿತಿ ಇದೆ. ಆದರೆ ಜಮಾಅತಿನವರಿಂದ, ಗೆಳೆಯರಿಂದ ‘ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದು ಗುಂಪಿನಲ್ಲಿ ಹಾಕಿ ಹಣ ಎತ್ತಿದರೆ ಅದು ಜೈಲಿನ ದಾರಿ. ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಹಾಗಾದರೆ ಸರಿಯಾದ ದಾರಿ ಯಾವುದು? ಪಾಲು. ಅಂದರೆ ಶೇರು. ಲಾಭ ಬಂದರೆ ಪಾಲು, ಮುಳುಗಿದರೆ ಹಾಕಿದ್ದು ಹೋಯಿತು. ಬಂಡವಾಳ ಒಬ್ಬರದ್ದು, ದುಡಿಮೆ ಇನ್ನೊಬ್ಬರದ್ದು. ಲಾಭ ಮೊದಲೇ ಮಾತಾಡಿದ ಪ್ರಮಾಣದಲ್ಲಿ. ನಷ್ಟವಾದರೆ ಒಬ್ಬರ ಹಣ ಹೋಯಿತು, ಇನ್ನೊಬ್ಬರ ಬೆವರು ಹೋಯಿತು. ಹಿರಿಯರು ಮುಳಾರಬ, ಮುಶಾರಕ ಎಂದು ಹೇಳಿದ ವ್ಯವಹಾರಕ್ಕೆ ಬ್ಯಾಂಕಿನ ಸಾಲಕ್ಕಿಂತ ನವೋದ್ಯಮದ ಶೇರು ಹೆಚ್ಚು ಹತ್ತಿರ. ಬೀಬಿ ಖದೀಜರ ಬಂಡವಾಳದೊಂದಿಗೆ ಶಾಮಿಗೆ ಹೋದ ವ್ಯಾಪಾರದ ಕತೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಲ್ಲ.

ಶೇರು ಕೊಡುವುದಕ್ಕೂ ಕ್ರಮ ಉಂಟು. ಪ್ರೈವೇಟ್ ಲಿಮಿಟೆಡ್ ಕಂಪೆನಿ ಜಾಹೀರಾತು ಹಾಕಿ ಶೇರು ಮಾರುವಂತಿಲ್ಲ. ಯಾರಿಗೆ ಕೊಡುತ್ತೇವೆ ಎಂದು ಹೆಸರು ಗುರುತಿಸಿ, ಪತ್ರ ಕೊಟ್ಟು, ಹಣವನ್ನು ನಗದಾಗಿ ಅಲ್ಲದೆ ಬ್ಯಾಂಕಿನ ಮೂಲಕ ಪಡೆದು, 60 ದಿನದೊಳಗೆ ಶೇರು ಹಂಚಬೇಕು. ಹಂಚದಿದ್ದರೆ ಹಣ ವಾಪಸ್. ಇದಕ್ಕೆ ಕಂಪೆನಿ ಸೆಕ್ರೆಟರಿ ಅಥವಾ ಸಿಎ ಒಬ್ಬರು ಬೇಕೇ ಬೇಕು. ಆ ಫೀಸನ್ನು ಉಳಿಸಲು ಹೋಗಬೇಡಿ.

ಈಗ ಕಾಕನ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹಿರಿಯರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕು. ಕಂಪೆನಿಗೆ, ಹಾಕುವ ಹಣವೂ ಸೇರಿ, 60 ಲಕ್ಷ ಬೆಲೆ ಕಟ್ಟಿದರು ಎಂದಿಟ್ಟುಕೊಳ್ಳಿ. ಕಾಕ 15 ಲಕ್ಷ ಹಾಕಿದರೆ ಕಾಲು ಭಾಗ ಅವರದ್ದು, ಶೇ.25. ಮಗನದ್ದು ಶೇ.75. ಎರಡು ವರ್ಷ ಬಿಟ್ಟು ಬೆಂಗಳೂರಿನ ಒಂದು ಫಂಡ್ ಬಂದು ಒಂದು ಕೋಟಿ ಹಾಕಿ ಶೇ.20 ಪಡೆಯಿತು. ಅಂದರೆ ಕಂಪೆನಿಯ ಬೆಲೆ 5 ಕೋಟಿ. ಆಗ ಹಳಬರಿಬ್ಬರ ಪಾಲೂ ಕರಗುತ್ತದೆ: ಮಗನದ್ದು ಶೇ.60, ಕಾಕನದ್ದು ಶೇ.20. ಪಾಲು ಕಡಿಮೆಯಾದರೂ ಕಾಕನ ಶೇರಿನ ಬೆಲೆ ಕಾಗದದಲ್ಲಿ ಒಂದು ಕೋಟಿ. ಬೇಕರಿಯಲ್ಲಿ ಚಾ ಕುಡಿಯುತ್ತಾ ಹೇಳಿಕೊಳ್ಳಲು ಚೆಂದ.

ಆಮೇಲೆ ವ್ಯಾಪಾರ ನೆಲಕಚ್ಚಿ ಕಂಪೆನಿಯನ್ನು ಒಂದೂವರೆ ಕೋಟಿಗೆ ಮಾರಬೇಕಾಯಿತು ಎನ್ನೋಣ. ಶೇ.20 ಅಂದರೆ ಕಾಕನಿಗೆ 30 ಲಕ್ಷ ಬರಬೇಕಲ್ಲ? ಬರುವುದಿಲ್ಲ. ಏಕೆಂದರೆ ಫಂಡಿನವರ ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಕಂಪೆನಿ ಮಾರಿದರೆ ಅಥವಾ ಮುಚ್ಚಿದರೆ ಮೊದಲು ನಮ್ಮ ಅಸಲು ನಮಗೆ, ಉಳಿದದ್ದು ನಿಮಗೆ. ಒಂದೂವರೆ ಕೋಟಿಯಲ್ಲಿ ಒಂದು ಕೋಟಿ ಅವರಿಗೆ ಹೋಯಿತು. ಉಳಿದ 50 ಲಕ್ಷವನ್ನು ಅಪ್ಪ ಮಗ 20ಕ್ಕೆ 60ರಂತೆ ಹಂಚಿಕೊಂಡರೆ ಕಾಕನಿಗೆ 12 ಲಕ್ಷ 50 ಸಾವಿರ. ಮೊದಲು ನಂಬಿ ಹಾಕಿದವರಿಗೆ ಹಾಕಿದ್ದೂ ಪೂರ್ತಿ ಬರಲಿಲ್ಲ. ಕೊನೆಗೆ ಬಂದವರು ಅಸಲು ತೆಗೆದುಕೊಂಡು ಹೋದರು.

ಇದು ಮೋಸ ಅಲ್ಲ, ಎಲ್ಲ ಕಡೆ ನಡೆಯುವ ಷರತ್ತು. ಆದರೆ ಇದರಲ್ಲಿ ನಷ್ಟ ಬಂಡವಾಳದ ಪ್ರಮಾಣದಲ್ಲಿ ಹಂಚಿಹೋಗುವುದಿಲ್ಲ ಎಂಬುದು ಸ್ಪಷ್ಟ. ಶೇರು ಎಂದ ಕೂಡಲೇ ಎಲ್ಲವೂ ಮುಶಾರಕ ಆಗಿಬಿಡುವುದಿಲ್ಲ. ದೊಡ್ಡ ಹೂಡಿಕೆದಾರರು ಬರುವಾಗ ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೂ, ವ್ಯವಹಾರ ತಿಳಿದ ಒಬ್ಬ ಉಸ್ತಾದರಿಗೂ ಆ ಕಾಗದ ತೋರಿಸಿ. ನಿಕಾಹ್‌ನ ದಿನ ಮಹ್ರ್ ಎಷ್ಟೆಂದು ಕೇಳುವ ನಾವು ಕಂಪೆನಿ ಕಾಗದದ ಹತ್ತನೇ ಪುಟ ಓದದೆ ಸಹಿ ಹಾಕುತ್ತೇವೆ.

ಫಂಡಿನ ಹಣ ಬಂದರೆ ಗೆದ್ದೆವು ಎಂಬ ಹುಚ್ಚು ಈಗ ಸ್ವಲ್ಪ ಇಳಿದಿದೆ. 2021ರಲ್ಲಿ ದೇಶದ ನವೋದ್ಯಮಗಳಿಗೆ ಹಣ ಮಳೆಯಂತೆ ಸುರಿಯಿತು. 2022ರ ಮಧ್ಯದಿಂದ ಮೋಡ ಸರಿಯಿತು. ಆ ವರ್ಷ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ನಂತರ ಹೂಡಿಕೆದಾರರು ಆ್ಯಪ್ ಎಷ್ಟು ಮಂದಿ ಇಳಿಸಿಕೊಂಡರು ಎಂದು ಕೇಳುವುದನ್ನು ಕಡಿಮೆ ಮಾಡಿ, ಲಾಭ ಯಾವಾಗ ಎಂದು ಕೇಳತೊಡಗಿದ್ದಾರೆ. ನಮ್ಮ ಅಂಗಡಿಕಾರರು ಮೊದಲ ದಿನದಿಂದ ಕೇಳುವ ಪ್ರಶ್ನೆಯೇ ಅದು.

ಅಂಗಡಿಯ ಮಾತು ಬಂದಾಗ ಪಿ.ಸಿ. ಮುಸ್ತಫಾ ಅವರನ್ನು ನೆನೆಯದೆ ಇರಲಾಗದು. ವಯನಾಡಿನ ಮುಸ್ತಫಾ ಮತ್ತು ಅವರ ಸೋದರ ಬಂಧುಗಳು 2005ರಲ್ಲಿ ಬೆಂಗಳೂರಿನಲ್ಲಿ ಐಡಿ ಫ್ರೆಶ್ ಎಂಬ ದೋಸೆ ಹಿಟ್ಟಿನ ವ್ಯಾಪಾರ ಶುರುಮಾಡಿದಾಗ ಬಂಧುಗಳಿಗೆ ಇದ್ದದ್ದು ತಿಪ್ಪಸಂದ್ರದ ಕಿರಾಣಿ ಅಂಗಡಿಯ ಅನುಭವ. ಮೊದಲ ಹಣ ಮನೆಯೊಳಗಿನದ್ದು, ಸಾವಿರಗಳ ಲೆಕ್ಕದ್ದು. ದಿನಕ್ಕೆ ನೂರು ಪ್ಯಾಕೆಟ್ ಮಾರಾಟಕ್ಕೆ ಮುಟ್ಟಲು ಒಂಬತ್ತು ತಿಂಗಳು ಬೇಕಾಯಿತಂತೆ. ದೊಡ್ಡ ಫಂಡ್ ಒಂದು ಅವರ ಬಾಗಿಲಿಗೆ ಬಂದದ್ದು 2014ರಲ್ಲಿ, ಒಂಬತ್ತು ವರ್ಷದ ಮೇಲೆ. ಆಮೇಲೆ ಅಝೀಂ ಪ್ರೇಮ್‌ಜಿಯವರ ಹೂಡಿಕೆ ಸಂಸ್ಥೆಯೂ ಹಣ ಹಾಕಿತು. ಅಷ್ಟರೊಳಗೆ ವ್ಯಾಪಾರ ತನ್ನ ಕಾಲ ಮೇಲೆ ನಿಂತಿತ್ತು, ಆದ್ದರಿಂದ ಮಾತುಕತೆಯಲ್ಲಿ ಅವರ ಕೈ ಮೇಲಿತ್ತು ಎಂದು ನಾನು ಊಹಿಸುತ್ತೇನೆ.

ಇನ್ನು ಸರಕಾರದ ಹಣ. ಇದರಲ್ಲಿ ಎರಡು ಬಗೆ. ಒಂದು, ವಾಪಸ್ ಕೊಡಬೇಕಾಗಿಲ್ಲದ, ಪಾಲೂ ಕೇಳದ ಅನುದಾನ. ರಾಜ್ಯ ಸರಕಾರದ ಎಲಿವೇಟ್ ಯೋಜನೆ 2017ರಿಂದ ನಡೆಯುತ್ತಿದೆ. ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷದವರೆಗೆ ಅನುದಾನ, ಕಂತುಗಳಲ್ಲಿ. ಹೊಸತನ ಇರಬೇಕು, ತೀರ್ಪುಗಾರರ ಮುಂದೆ ನಿಂತು ಹೇಳಿಕೊಳ್ಳಬೇಕು, ಸ್ಪರ್ಧೆ ಜೋರು. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಬೀಜನಿಧಿ 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಆರಂಭವಾಯಿತು. ಅದರಲ್ಲಿ ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಶೇರಾಗಿ ಬದಲಾಗುವ ಪತ್ರ. ಒಂದೇ ಯೋಜನೆಯೊಳಗೆ ಎರಡು ಗುಣದ ಹಣ ಇರುವುದನ್ನು ಗಮನಿಸಿ. ಅದು ನೇರವಾಗಿ ಸಿಗುವುದಿಲ್ಲ, ಇನ್‌ಕ್ಯುಬೇಟರ್ ಮೂಲಕ ಹೋಗಬೇಕು. ಇಂಥವಕ್ಕೆಲ್ಲ ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆ ಮೊದಲ ಮೆಟ್ಟಿಲು. ಅದಕ್ಕೆ ಶುಲ್ಕ ಇಲ್ಲ. ‘ಮಾಡಿಸಿಕೊಡುತ್ತೇನೆ’ ಎಂದು ಹತ್ತು ಸಾವಿರ ಕೇಳುವವರಿಂದ ದೂರ ಇರಿ. ಒಬ್ಬರೇ ಮಾಲಕರಾಗಿರುವ ಅಂಗಡಿಗೆ ಮಾನ್ಯತೆ ಸಿಗುವುದಿಲ್ಲ, ಪಾಲುದಾರಿಕೆ ಸಂಸ್ಥೆಯೋ ಕಂಪೆನಿಯೋ ಇರಬೇಕು.

ಎರಡನೆಯ ಬಗೆ, ಸಬ್ಸಿಡಿ ಇರುವ ಬ್ಯಾಂಕ್ ಸಾಲ. ಖಾದಿ ಆಯೋಗದ ಪಿಎಂಇಜಿಪಿಯಲ್ಲಿ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ: ನಮ್ಮ ಕೈಯಿಂದ ಶೇ.5 ಹಾಕಿದರೆ ಸಾಕು, ಸಬ್ಸಿಡಿ ಹಳ್ಳಿಯಲ್ಲಿ ಶೇ.35, ಪಟ್ಟಣದಲ್ಲಿ ಶೇ.25, ತಯಾರಿಕಾ ಘಟಕಕ್ಕೆ 50 ಲಕ್ಷದ ಯೋಜನೆಯವರೆಗೆ. ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಉಳಿದದ್ದಕ್ಕೆ ಬಡ್ಡಿ ಇದೆ. ತೆಗೆದುಕೊಳ್ಳುವವರು ತೆಗೆದುಕೊಳ್ಳುತ್ತಾರೆ, ಬೇಡ ಎನ್ನುವವರೂ ಇದ್ದಾರೆ. ಕಾಕ ಬೇಡ ಎಂದರು. ಮಗ ಸ್ವಲ್ಪ ಗೊಣಗಿದ.

ಖಾದಿ ಆಯೋಗ ಖಾನಾಪುರಕ್ಕೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಈ ಊರಿನಲ್ಲಿ 1954ರಿಂದ ಇದೆ. ಮಣ್ಣು, ಹಂಚು, ಇಟ್ಟಿಗೆಯ ಊರು ಇದು. ಕೈಕಸುಬಿನವನಿಗೆ ತರಬೇತಿ, ಸಲಕರಣೆ, ಮಾರುಕಟ್ಟೆ ಒಟ್ಟಿಗೆ ಸಿಗಬೇಕು ಎಂಬ ಆಲೋಚನೆಗೆ ಈಗ ಇನ್‌ಕ್ಯುಬೇಶನ್ ಎಂದು ಹೆಸರು ಬಂದಿದೆ ಅಷ್ಟೆ.

ಬೆಳಗಾವಿಗೂ ಒಂದು ಬಂಡವಾಳ ಇದೆ, ಅದು ಬ್ಯಾಂಕಿನಲ್ಲಿಲ್ಲ. ಉದ್ಯಮಬಾಗದಲ್ಲಿ ಬೈಕ್ ಹತ್ತಿ ಹೊರಟರೆ ಎರಕ ಹೊಯ್ಯುವ ಫೌಂಡ್ರಿ, ಅದಕ್ಕೆ ಅಚ್ಚು ಮಾಡುವವರು, ಲೇತ್, ಗ್ರೈಂಡಿಂಗ್, ಬಣ್ಣ, ಎಲ್ಲ ಸುತ್ತಮುತ್ತಲೇ ಸಿಗುತ್ತವೆ. ಬೆಂಗಳೂರಿನಲ್ಲಿ ಒಂದು ಬಿಡಿಭಾಗ ಸರಿಮಾಡಲು ಒಂದು ವಾರ ಹೋಗುವಲ್ಲಿ ಇಲ್ಲಿ ಸಂಜೆಯೊಳಗೆ ಆಗುತ್ತದೆ ಎನ್ನುತ್ತಾನೆ ಹುಡುಗ. ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹುಬ್ಬಳ್ಳಿ. ಅಲ್ಲಿ ಗುರುರಾಜ್ ದೇಶಪಾಂಡೆಯವರ ಫೌಂಡೇಶನ್ ಕಟ್ಟಿದ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಇದೆ. ಬೆಂಗಳೂರಿನ ಆಚೆಗೂ ಉದ್ಯಮ ಬೆಳೆಸುವ ರಾಜ್ಯದ ಕಾರ್ಯಕ್ರಮದಲ್ಲಿ ಮೈಸೂರು, ಮಂಗಳೂರಿನ ಜೊತೆಗೆ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನೂ ಒಂದು ವಲಯವಾಗಿ ಸೇರಿಸಲಾಗಿದೆ. ಅಂದರೆ ಊರಿನಲ್ಲಿರುವ ತಮ್ಮನಿಗೂ, ಬೆಳಗಾವಿಯಲ್ಲಿರುವ ಅಣ್ಣನಿಗೂ ಬಾಗಿಲು ಒಂದೇ.

ಬೆಳಗಾವಿಯ ಹತ್ತಿರ ಹೆದ್ದಾರಿ ಬದಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪೆನಿ ಇದೆ. ಅರವಿಂದ ಮೆಳ್ಳಿಗೇರಿಯವರ ಈ ಉದ್ಯಮ 2006ರಲ್ಲಿ ಹುಟ್ಟಿತು, ಶೇರು ಮಾರುಕಟ್ಟೆಗೆ ಬಂದದ್ದು 2025ರ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷ! ಲೋಹ ಕೊಯ್ಯುವ ವ್ಯಾಪಾರಕ್ಕೆ ಹಣ ಹಾಕುವವರು ಆ್ಯಪಿಗೆ ಹಾಕುವವರಂತೆ ಮೂರು ವರ್ಷಕ್ಕೆ ಗಡಿಯಾರ ನೋಡಿದರೆ ಆಗುವುದಿಲ್ಲ. ಇದನ್ನು ನಾನು ಕಾಕನಿಗೆ ಹೇಳಿದಾಗ, "ಹತ್ತೊಂಬತ್ತು ವರ್ಷ ನಾನಿರ್ತೇನೋ ಇಲ್ಲವೋ" ಎಂದು ನಕ್ಕರು.

ಮನೆಯ ಹಣಕ್ಕೆ ಸಂಬಂಧಿಸಿದ ಒಂದು ಒಳ್ಳೆಯ ಬದಲಾವಣೆ ಆಗಿದೆ. ಕಂಪೆನಿ ತನ್ನ ಶೇರನ್ನು ‘ನ್ಯಾಯವಾದ ಬೆಲೆ’ಗಿಂತ ಹೆಚ್ಚಿಗೆ ಕೊಟ್ಟರೆ, ಆ ಹೆಚ್ಚುವರಿಯನ್ನು ಆದಾಯ ಎಂದು ಲೆಕ್ಕಹಾಕಿ ತೆರಿಗೆ ಹಾಕುವ ನಿಯಮ 2012ರಿಂದ ಇತ್ತು. ಏಂಜೆಲ್ ತೆರಿಗೆ ಎಂದು ಅದಕ್ಕೆ ಹೆಸರು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ರದ್ದು ಮಾಡಿದರು. ಇನ್ನೊಂದು, ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ತಯಾರಕರ ಬಿಲ್ಲನ್ನು ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಪಾವತಿಸದಿದ್ದರೆ, ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಉದ್ಯಮಬಾಗದಲ್ಲಿ ಎಷ್ಟೋ ಚಿಕ್ಕ ವರ್ಕ್‌ಶಾಪುಗಳು ನರಳುವುದು ಆರ್ಡರ್ ಇಲ್ಲದೆ ಅಲ್ಲ, ಮಾಡಿಕೊಟ್ಟ ಕೆಲಸದ ರೊಕ್ಕ ತಿಂಗಳುಗಟ್ಟಲೆ ಬರದೆ.

ಎಲ್ಲಕ್ಕಿಂತ ಒಳ್ಳೆಯ ಹಣ ಯಾವುದು ಎಂದು ಉದ್ಯಮಬಾಗದ ಹಳಬರೊಬ್ಬರನ್ನು ಕೇಳಿದೆ. "ಗಿರಾಕಿ ಅಡ್ವಾನ್ಸ್ ರೀ. ಅದಕ್ಕ ಬಡ್ಡಿನೂ ಇಲ್ಲ, ಪಾಲೂ ಇಲ್ಲ" ಎಂದರು. ಹುಡುಗ ಅದನ್ನು ಕೇಳಿಸಿಕೊಂಡ. ಓಡುತ್ತಿರುವ ಮಾದರಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಚಂದಗಡಕ್ಕೆ ಹೋಗಿ, ಅಲ್ಲಿಯ ಘಟಕಗಳಲ್ಲಿ ಅವರದೇ ಬೀಜ ಹಾಕಿ ಒಡೆದು ತೋರಿಸಿದ. ಮೂರು ಕಡೆ ಚಾ ಕೊಟ್ಟು ಕಳಿಸಿದರು. ನಾಲ್ಕನೇ ಕಡೆ ಎರಡು ಯಂತ್ರಕ್ಕೆ ಅರ್ಧ ಹಣ ಮುಂಗಡ ಸಿಕ್ಕಿತು, ನಾಲ್ಕು ಲಕ್ಷ.

ವಾಟ್ಸ್‌ಆ್ಯಪ್ ಗುಂಪು ಅಳಿಸಿಹೋಗಿದೆ. ಹತ್ತರ ಬದಲು ಮೊದಲು ನಾಲ್ಕು ಯಂತ್ರ ಎಂದು ತೀರ್ಮಾನ. ಕಾಕ ಎಂಟು ಲಕ್ಷ ಹಾಕುತ್ತಿದ್ದಾರೆ, ಪಾಲಾಗಿ. ತಿಂಗಳಿಗೆ ಏನೂ ಬೇಡ, ವರ್ಷಕ್ಕೊಮ್ಮೆ ಲೆಕ್ಕ ತೋರಿಸಬೇಕು. ಇನ್ನೂ ಮೂರು ಲಕ್ಷ ಸಾಲದೆ ಬಂದಾಗ ಉಮ್ಮ ಬಳೆ ತೆಗೆದುಕೊಟ್ಟರು. ಇದು ಪಾಲೋ ಸಾಲವೋ ಎಂದು ಚರ್ಚೆ ಆಯಿತು. "ಕಂಪೆನಿ ಗಿಂಪೆನಿ ನನಗೆ ಬೇಡ, ನನ್ನ ಬಂಗಾರ ನನಗೆ ವಾಪಸ್ ಬರಬೇಕು" ಎಂದರು ಉಮ್ಮ. ಸರಿ, ಅದು ಕರ್ಝ್ ಹಸನ: ಎಷ್ಟು ಗ್ರಾಂ ಕೊಟ್ಟರೋ ಅಷ್ಟೇ ಗ್ರಾಂ ವಾಪಸ್, ಬಂಗಾರದ ರೇಟು ಏರಲಿ ಇಳಿಯಲಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲವನ್ನು ಬರೆದಿಡುವುದರ ಬಗ್ಗೆಯೇ ಇದೆ, ಅಲ್ ಬಕರ ಅಧ್ಯಾಯದಲ್ಲಿ. ಆದ್ದರಿಂದ ಮನೆಯೊಳಗಿನ ವ್ಯವಹಾರವಾದರೂ ಛಾಪಾ ಕಾಗದ ತಂದು, ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಬರೆದರು.

ಕಾಗದ ಓದಿ ಹೇಳಿದಾಗ ಉಮ್ಮ ತಡೆದರು. "ನಾಲ್ಕು ಬಳೆ, 32 ಗ್ರಾಂ ಅಂತ ಬರೆದಿದ್ದೀರಲ್ಲ, ತೂಕ ಮಾಡಿದ್ದು ಯಾರು?"

ಯಾರೂ ಮಾಡಿರಲಿಲ್ಲ. ಮಗ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಉಮ್ಮನನ್ನು ಬೈಕಿನ ಹಿಂದೆ ಕೂರಿಸಿ, ಪೇಟೆಯ ಬಂಗಾರದ ಅಂಗಡಿಗೆ ಹೊರಟ. ಸಾಕ್ಷಿಗಳಿಬ್ಬರೂ ಬೇಕರಿಯಲ್ಲೇ ಕಾದರು, ಇನ್ನೊಂದು ಸುತ್ತು ಚಾ ಬಂತು.